ನೋವಿಲ್ಲದ ವ್ಯಾಧಿ

1945ನೆಯ ಇಸವಿಯ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಹಾಶಯರು ವಾರ್ಮ್ ಸ್ಪ್ರಿಂಗ್ಸಿನ ತಮ್ಮ ಬಿಡಾರದಲ್ಲಿ ಚಿತ್ರ ಬರೆಯಿಸಿಕೊಳ್ಳಲು ಕುಳಿತಿದ್ದರು. ತಲೆಯ ಹಿಂಬದಿಯಲ್ಲಿ ಭಯಂಕರವಾದ ನೋವೆಂದು ನುಡಿದು ಅಲ್ಲಿಯೇ ಒರಗಿದರು. ಅದೇ ಮಧ್ಯಾಹ್ನ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಲೋಕಕ್ಕೆ ಇದು ಬರಸಿಡಿಲಿನಂತೆ ತೋರಿತು. ವಾಸ್ತವದಲ್ಲಿ 1937ರಲ್ಲಿಯೇ ಅವರ ರಕ್ತದ ಒತ್ತಡವು 162/98 ಇದ್ದಿತು. 1944ರ ಮಾರ್ಚಿಯಲ್ಲಿ ಡಾ. ಬ್ರೂಯೆನ್ ಎಂಬ ಹೃದ್ರೋಗತಜ್ಞರು ಪರೀಕ್ಷಿಸಿದಾಗ ಅದು 186/108ಕ್ಕೆ ಏರಿದ್ದಿತು. ಉಪ್ಪನ್ನು ತಗ್ಗಿಸಿ, ವಿಶ್ರಾಂತಿ ಪಡೆಯಿರಿ ಎನ್ನುವುದಲ್ಲದೆ ಒತ್ತಡವನ್ನೇ ಇಳಿಸಬಲ್ಲ ನೆಚ್ಚಿಕೆಯ ಮದ್ದು ಅಂದಿನ ವೈದ್ಯರ ಕೈಯಲ್ಲಿರಲಿಲ್ಲ. ಭೂಮಂಡಲದ ಅತ್ಯಂತ ಬಲಿಷ್ಠ ಪುರುಷನಿಗೆ ಅಂದು ದೊರೆಯದಿದ್ದ ಔಷಧವು ಇಂದು ನಮ್ಮ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಿಕ್ಕಬಹುದಾಗಿದೆ. ಆದರೂ ನಮ್ಮ ಜನರು ಅದೇ ವ್ಯಾಧಿಯಿಂದ ಬೀಳುತ್ತಿರುವುದೇಕೆ ಎಂಬುದನ್ನು ವಾಚಕರು ವಿಚಾರಿಸಬೇಕೆಂದು ನಮ್ಮ ಪ್ರಾರ್ಥನೆ.

ಈ ವ್ಯಾಧಿಯು ನೋಟೀಸು ಕೊಟ್ಟು ಬರುವುದಿಲ್ಲ. ಹಲ್ಲುನೋವಿನವನು ವೈದ್ಯನ ಬಾಗಿಲನ್ನು ತಾನಾಗಿಯೇ ತಟ್ಟುತ್ತಾನೆ. ಒತ್ತಡ ಏರಿದವನಾದರೋ ಉಂಡು, ತಿರುಗಾಡಿ, ಕಚೇರಿಗೆ ಹೋಗಿ ಬರುತ್ತಲೇ ಇರುತ್ತಾನೆ. ಇತ್ತ ರಕ್ತನಾಳಗಳ ಗೋಡೆ ಪೆಡಸಾಗುತ್ತದೆ, ಹೃದಯವು ಮಿತಿಮೀರಿ ದುಡಿದು ದಪ್ಪವಾಗುತ್ತದೆ, ಮೂತ್ರಪಿಂಡಗಳು ಸೋಲುತ್ತವೆ. ಅಳೆಯದ ಹೊರತು ಇದನ್ನು ಅರಿಯುವ ಉಪಾಯವಿಲ್ಲ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನ ಅಂಕ 140 ಅಥವಾ ಕೆಳಗಿನದು 90 ಮುಟ್ಟಿದ್ದರೆ ಚಿಕಿತ್ಸೆಯ ವಿಚಾರ ಮಾಡಲೇಬೇಕು. ಅಳತೆಗೂ ಒಂದು ಕ್ರಮವುಂಟು: ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಹೊಗೆಸೊಪ್ಪುಗಳನ್ನು ಮುಟ್ಟಬಾರದು, ಐದು ನಿಮಿಷ ಮಾತಿಲ್ಲದೆ ಒರಗಿ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಇಡಬೇಕು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವನಿಗೆ ತೋಳುಪಟ್ಟಿ ಸುತ್ತಿ ಬರೆದ ಅಂಕಕ್ಕೆ ಬೆಲೆಯಿಲ್ಲ.

ಈ ರೋಗದ ಚಿಕಿತ್ಸೆಯ ಇತಿಹಾಸದಲ್ಲಿ ನಮ್ಮ ದೇಶಕ್ಕೆ ಹೆಮ್ಮೆಯ ಸ್ಥಾನವಿದೆ. ಸರ್ಪಗಂಧಿಯ ಬೇರು ಒತ್ತಡವನ್ನಿಳಿಸುವುದೆಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು 1931ರಲ್ಲಿಯೇ ಪ್ರಕಟಿಸಿದ್ದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಐವತ್ತು ರೋಗಿಗಳ ಮೇಲಿನ ತಮ್ಮ ಅನುಭವವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಪಶ್ಚಿಮದ ಕಣ್ಣು ತೆರೆಯಿತು; 1952ರಲ್ಲಿ ಸ್ವಿಟ್ಜರ್‌ಲೆಂಡಿನ ಕಾರ್ಖಾನೆಯವರು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಹೀಗೆಂದ ಮಾತ್ರಕ್ಕೆ ಸಂತೆಯಲ್ಲಿ ಬೇರು ಕೊಂಡು ತೇಯ್ದು ಕುಡಿಯಿರೆಂದು ನಾವು ಹೇಳುತ್ತಿಲ್ಲ. ಪ್ರಮಾಣ ತಪ್ಪಿದರೆ ಅದು ಮನಸ್ಸನ್ನೇ ಕುಗ್ಗಿಸಬಲ್ಲುದು. ಅದಕ್ಕಿಂತ ಮೇಲಾದ ಮದ್ದುಗಳು ಬಂದು ಎಷ್ಟೋ ಕಾಲವಾಯಿತು.

ಮದ್ದು ಇದ್ದೂ ಫಲವೇನಾಯಿತು? ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಭಾರತದಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 18 ಕೋಟಿ 80 ಲಕ್ಷ ಜನರಿಗೆ ಈ ವ್ಯಾಧಿಯುಂಟು. ನೂರು ರೋಗಿಗಳಲ್ಲಿ ತಮಗೆ ಅದು ಇದೆಯೆಂದು ತಿಳಿದವರು 37 ಮಂದಿ, ಮದ್ದು ಸೇವಿಸುವವರು 30, ಒತ್ತಡ ಹತೋಟಿಗೆ ಬಂದವರು ಬರಿಯ 15.

ನಮ್ಮ ಪರಿಚಯದ ನಿವೃತ್ತ ಶಿರಸ್ತೇದಾರರೊಬ್ಬರು ಎರಡು ತಿಂಗಳು ಮಾತ್ರೆ ನುಂಗಿ, ಅಂಕ 130ಕ್ಕೆ ಇಳಿದುದನ್ನು ಕಂಡು, ‘ಗುಣವಾಯಿತಲ್ಲ, ಇನ್ನೇಕೆ ಈ ದಾಸ್ಯ?’ ಎಂದು ಬಿಟ್ಟುಬಿಟ್ಟರು. ಮೂವತ್ತು ವರ್ಷ ತಪ್ಪಿಲ್ಲದೆ ಕಡತ ಬರೆದ ಅವರ ಬಲಗೈ ಇಂದು ಊಟದ ತುತ್ತನ್ನೂ ಎತ್ತಲಾರದು. ಅಂಕ ಇಳಿದದ್ದು ಮಾತ್ರೆಯ ಬಲದಿಂದ, ಅದನ್ನು ಬಿಟ್ಟರೆ ಮತ್ತೆ ಏರುವುದು ಎಂಬಷ್ಟನ್ನು ಅವರಿಗೆ ಕುಳ್ಳಿರಿಸಿ ಹೇಳಿದವರಿರಲಿಲ್ಲ. ಮಾತ್ರೆಯನ್ನು ಕಡಮೆ ಮಾಡುವುದಾದರೂ ವೈದ್ಯನ ತೀರ್ಮಾನದಿಂದಲೇ ಆಗಬೇಕು.

ಉಪ್ಪಿನ ಮಾತನ್ನೂ ಆಡದೆ ನಿರ್ವಾಹವಿಲ್ಲ. 1930ರಲ್ಲಿ ಒಂದು ಹಿಡಿ ಉಪ್ಪಿಗಾಗಿ ಸೆರೆಮನೆಗೆ ಹೋದ ದೇಶವು ಇಂದು ಅದನ್ನು ಮಿತಿ ತಪ್ಪಿ ತಿನ್ನುತ್ತಿದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಮೆ, ಎಂದರೆ ಒಂದು ಚಹದ ಚಮಚದೊಳಗೆ, ಸಾಕೆಂದು ತಜ್ಞರ ಮತ. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆಮೆಣಸುಗಳಲ್ಲದೆ ಅಂಗಡಿಯ ಕುರುಕಲು ತಿಂಡಿಯ ಪೊಟ್ಟಣವೂ ಸೇರಿ ಈ ಲೆಕ್ಕವನ್ನು ಕೆಡಿಸುತ್ತವೆ. ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಸಂಪ್ರದಾಯವನ್ನು ಬಿಡಿರೆಂದರೆ ಹಿರಿಯರು ಮುನಿದಾರು, ಬಡಿಸಲಿ, ತಿನ್ನದಿದ್ದರಾಯಿತು.

ಸರಕಾರದ ಕರ್ತವ್ಯದ ವಿಷಯದಲ್ಲಿ ನಮ್ಮ ಮಾತು ಸ್ಪಷ್ಟವಾಗಿದೆ. ಶಿಬಿರ ಹೂಡಿ, ಹಾರ ಹಾಕಿಸಿಕೊಂಡು, ಸಾವಿರ ಜನರ ಒತ್ತಡ ಅಳೆದು ಹೊರಟುಹೋದರೆ ರೋಗಿಗೆ ದಕ್ಕುವುದು ಒಂದು ಚೀಟಿ ಮಾತ್ರ. ಕೂಲಿ ಬಿಟ್ಟು ಬಂದ ಹೆಣ್ಣುಮಗಳಿಗೆ ‘ಮಾತ್ರೆ ಬಂದಿಲ್ಲ, ಮುಂದಿನ ವಾರ ಬಾ’ ಎಂದು ಎರಡು ಬಾರಿ ಹೇಳಿದರೆ ಮೂರನೆಯ ಬಾರಿ ಅವಳು ಬರುವುದಿಲ್ಲ. 2017ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಸೂತ್ರಗಳು ಸರಳವಾಗಿವೆ: ಕೆಲವೇ ನಿಶ್ಚಿತ ಮದ್ದುಗಳು, ಒಮ್ಮೆಗೆ ತಿಂಗಳಿಗಾಗುವಷ್ಟು ಮಾತ್ರೆ, ತಪ್ಪಿಹೋದ ರೋಗಿಯನ್ನು ಹುಡುಕಿ ಕರೆತರುವ ವ್ಯವಸ್ಥೆ. ಇವು ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿಯೂ ನಡೆಯಬೇಕು. ಪ್ರತಿ ತಾಲ್ಲೂಕಿನ ಔಷಧ ಉಗ್ರಾಣದಲ್ಲಿ ಈ ಮಾತ್ರೆಗಳು ತಿಂಗಳಲ್ಲಿ ಎಷ್ಟು ದಿನ ಇರಲಿಲ್ಲವೆಂಬ ಲೆಕ್ಕವನ್ನು ಅಧಿಕಾರಿಗಳು ಬಾಗಿಲಿನ ಮೇಲೆಯೇ ಅಂಟಿಸಲಿ. ಹಾಗೆ ಅಂಟಿಸಲು ಹೋದವರು ಅಲ್ಲಿಯೇ ಐದು ನಿಮಿಷ ಕುಳಿತು ತಮ್ಮ ತೋಳನ್ನೂ ದಾದಿಯ ಮುಂದೆ ಚಾಚಲಿ.