ಹುಕ್ಕೇರಿಯನ್ನು ಓದಲಾರದ ಪಾಠ

ಸಿ ಭಾಷೆಯ ತರಗತಿ ಶುರುವಾದ ಮೊದಲ ವಾರದಲ್ಲೇ ನಮ್ಮ ಮಕ್ಕಳಿಗೆ ಒಂದು ಸುಳ್ಳು ಹೇಳಿಕೊಡುತ್ತೇವೆ: ‘ಗೆಟ್‌ಚಾರ್ ಒಂದು ಅಕ್ಷರವನ್ನು ಓದುತ್ತದೆ.’ ನೋಟ್ಸಿನಲ್ಲಿ ಹಾಗೆಯೇ ಇರುತ್ತದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದರೆ ಅಂಕವೂ ಸಿಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಿಂದ ಬರುವ, ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದ ಮಕ್ಕಳಿಗೆ ಸಿ ಹೇಳಿಕೊಡುವವನು ನಾನು. ನನ್ನ ತಕರಾರು ಈ ಒಂದೇ ವಾಕ್ಯದ ಮೇಲೆ.

ಗೆಟ್‌ಚಾರ್ ಅಕ್ಷರವನ್ನು ಓದುವುದಿಲ್ಲ. ಒಳಬರುವ ಹರಿವಿನಿಂದ ಒಂದು ಬೈಟನ್ನು, ಅಂದರೆ 0ಯಿಂದ 255ರ ಒಳಗಿನ ಒಂದು ಸಂಖ್ಯೆಯನ್ನು ಎತ್ತಿಕೊಡುತ್ತದೆ. 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಯನ್ನು ಕಟ್ಟುವಾಗ ಎದುರಿಗಿದ್ದದ್ದು ಇಂಗ್ಲಿಷ್. ಅದರ ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ಆಸ್ಕಿಯ 128 ಸ್ಥಾನಗಳಲ್ಲಿ ಹಿಡಿಸುತ್ತಿದ್ದವು. ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಿತ್ತು, ಆದ್ದರಿಂದ ಬೈಟಿಗೇ ‘ಚಾರ್’ ಎಂಬ ಹೆಸರು ಅಂಟಿತು. ಅಲ್ಲಿ ಅದು ಅನುಕೂಲದ ಹೆಸರು. ಅದನ್ನೇ ‘ಅಕ್ಷರ’ ಎಂದು ಕನ್ನಡಕ್ಕೆ ತಂದಾಗ ಅದು ತಪ್ಪು ಹೆಸರಾಗುತ್ತದೆ.

ಎಷ್ಟು ತಪ್ಪು ಎಂಬುದನ್ನು ನಮ್ಮ ಮೂರು ಊರುಗಳ ಹೆಸರಿನಲ್ಲೇ ಎಣಿಸಬಹುದು. 1991ರಲ್ಲಿ ಬಂದ ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳು ಸಿಕ್ಕವು. ಮರುವರ್ಷ ರೂಪುಗೊಂಡ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು ಬೇಕು. ವ್ಯಂಜನಕ್ಕೆ ಮೂರು, ಅದರ ಕೊಂಬಿಗೆ ಮೂರು, ಒತ್ತಕ್ಷರ ಕೂಡಿಸುವ ವಿರಾಮಚಿಹ್ನೆಗೆ ಮತ್ತೆ ಮೂರು. ಗೋಕಾಕ: ಅಕ್ಷರ 3, ಚಿಹ್ನೆ 5, ಬೈಟು 15. ಮೂಡಲಗಿ: ಅಕ್ಷರ 4, ಚಿಹ್ನೆ 6, ಬೈಟು 18. ಹುಕ್ಕೇರಿ: ಅಕ್ಷರ 3, ಚಿಹ್ನೆ 8, ಬೈಟು 24. ಹುಕ್ಕೇರಿ ಎಂದು ಟೈಪು ಮಾಡಿ ಎಂಟರ್ ಒತ್ತಿದರೆ ಊರ ಹೆಸರಷ್ಟನ್ನೇ ಓದಲು ಗೆಟ್‌ಚಾರ್ 24 ಸಲ ಕೈ ಹಾಕಬೇಕು. ನಡುವಿನ ‘ಕ್ಕೇ’ ಒಂದಕ್ಕೇ 12 ಸಲ. ‘ಒಂದು ಅಕ್ಷರ ಓದುತ್ತದೆ’ ಎಂಬ ವಾಕ್ಯ ಇಲ್ಲಿ ಎಲ್ಲಿ ನಿಲ್ಲುತ್ತದೆ?

ಇದು ಬರೀ ಪದದ ಜಗಳ ಅನ್ನುವವರು ಲಿನಕ್ಸ್ ಯಂತ್ರದಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಲಿ. ಊರಿನ ಹೆಸರಿಗೆ 20 ಚಾರ್‌ಗಳ ಜಾಗ ಇಡಿ; ಮೂರು ನಾಲ್ಕು ಅಕ್ಷರದ ಊರಿಗೆ ಇಪ್ಪತ್ತು ಧಾರಾಳ ಅಲ್ಲವೇ? ಎಫ್‌ಗೆಟ್ಸ್ ಬಳಸಿ ಮೊದಲು ಊರು, ಆಮೇಲೆ ವಿದ್ಯಾರ್ಥಿಯ ಹೆಸರು ಕೇಳಿ. ಎಫ್‌ಗೆಟ್ಸ್ ಕೊನೆಯ ಸೊನ್ನೆಗೆ ಒಂದು ಜಾಗ ಬಿಟ್ಟು 19 ಬೈಟು ಓದುತ್ತದೆ. ಗೋಕಾಕ ಸಲೀಸಾಗಿ ಕೂರುತ್ತದೆ. ಮೂಡಲಗಿಯ 18, ಎಂಟರ್‌ನ 1, ಒಟ್ಟು 19, ಕೂದಲೆಳೆಯಲ್ಲಿ ಪಾರು. ಹುಕ್ಕೇರಿ ಮಾತ್ರ ‘ಹುಕ್ಕೇ’ ಆದ ಮೇಲೆ ‘ರ’ದ ಮೂರು ಬೈಟಿನಲ್ಲಿ ಒಂದನ್ನು ಕಚ್ಚಿಕೊಂಡು ಮುರಿಯುತ್ತದೆ. ಅಲ್ಲಿಗೇ ಮುಗಿಯುವುದಿಲ್ಲ. ಉಳಿದ ಐದು ಬೈಟು ಮತ್ತು ಎಂಟರ್ ಹರಿವಿನಲ್ಲೇ ಕಾಯುತ್ತಿರುತ್ತವೆ. ‘ನಿನ್ನ ಹೆಸರು?’ ಎಂಬ ಎರಡನೇ ಪ್ರಶ್ನೆ ಹುಡುಗಿಯ ಉತ್ತರಕ್ಕೆ ಕಾಯುವುದೇ ಇಲ್ಲ. ಹುಕ್ಕೇರಿಯ ಚೂರುಗಳನ್ನೇ ಅವಳ ಹೆಸರೆಂದು ಬರೆದುಕೊಂಡು ಮುಂದೆ ಹೋಗುತ್ತದೆ. ಗೋಕಾಕ, ಮೂಡಲಗಿ ಎರಡರಲ್ಲೂ ಪರೀಕ್ಷಿಸಿ ‘ಕನ್ನಡ ಬರ್ತದ’ ಎಂದು ಸಹಿ ಹಾಕಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಅರ್ಜಿಗಳಲ್ಲಿ, ಪಟ್ಟಿಗಳಲ್ಲಿ ಕನ್ನಡದ ಹೆಸರುಗಳು ತುಂಡಾಗಿ ಬಂದಾಗ ‘ಕಂಪ್ಯೂಟರಿನಲ್ಲಿ ಕನ್ನಡ ಸರಿ ಬರುವುದಿಲ್ಲ’ ಎಂದು ಭಾಷೆಯ ಮೇಲೆ ಗೂಬೆ ಕೂರಿಸುತ್ತೇವೆ. ಕನ್ನಡ ಸರಿಯಾಗಿಯೇ ಬಂದಿತ್ತು. ಅಳತೆ ತಪ್ಪಾಗಿತ್ತು.

ಇದೇ ಸುಳ್ಳಿನ ಇನ್ನೊಂದು ಮರಿ: ‘ಗೆಟ್‌ಚಾರ್ ಕೊಡುವುದನ್ನು ಚಾರ್‌ನಲ್ಲಿ ಇಟ್ಟುಕೊಳ್ಳಿ.’ ಅದು ಕೊಡುವುದು ಇಂಟ್. ಕಾರಣ ನಮ್ಮ ಭಾಗದ ರೈತರಿಗೆ ಹೇಳಬೇಕಾಗಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ಘಟಪ್ರಭೆಯ ನೀರು ಗೋಕಾಕ ತಾಲೂಕಿನ ಧೂಪದಾಳದಲ್ಲಿ ಕಾಲುವೆಗೆ ತಿರುಗುತ್ತದೆ. ಕಾಲುವೆಯಲ್ಲಿ ಕೆಂಪು ನೀರು ಬರಬಹುದು, ತಿಳಿನೀರು ಬರಬಹುದು. ಆದರೆ ‘ಇವತ್ತಿಗೆ ಬಂದ್’ ಎಂಬ ಸುದ್ದಿ ನೀರಿನ ಒಂದು ಬಗೆಯಲ್ಲ. ಇಒಎಫ್ ಅಂಥ ಸುದ್ದಿ. 256 ಬೆಲೆಗಳನ್ನೂ ಬೈಟುಗಳೇ ತುಂಬಿರುವಾಗ ಈ ಸುದ್ದಿಗೆ ಹೊರಗಿನ ಒಂದು ಬೆಲೆ ಬೇಕು. ಅದು ಋಣ ಸಂಖ್ಯೆ, ಸಾಮಾನ್ಯವಾಗಿ -1. ಅದಕ್ಕೇ ಇಂಟ್. ಕರ್ನಿಗನ್ ಮತ್ತು ರಿಚಿ 1978ರ ತಮ್ಮ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದನ್ನು ವಿವರಿಸಿದ್ದಾರೆ. ಆದರೂ ಚಾರ್‌ನಲ್ಲೇ ಇಟ್ಟು ಒಂದು ಜೆಪೆಗ್ ಫೋಟೊವನ್ನು ನಕಲು ಮಾಡಿ ನೋಡಿ. ಅದರ ಮೊದಲ ಬೈಟೇ 255. ಲ್ಯಾಬಿನ ಇಂಟೆಲ್ ಯಂತ್ರದಲ್ಲಿ ಅದು -1 ಆಗಿ ಕಂಡು, ಒಂದು ಬೈಟೂ ನಕಲಾಗದೆ ಕೆಲಸ ಮುಗಿಯುತ್ತದೆ. ಆರ್ಮ್ ಪ್ರೊಸೆಸರಿನ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಚಾರ್ ಋಣ ಸಂಖ್ಯೆಯನ್ನು ಹಿಡಿಯದೆ, ಫೋಟೊ ಮುಗಿದರೂ ನಕಲು ಮುಗಿಯುವುದಿಲ್ಲ.

ನನಗೆ ಬರುವ ಆಕ್ಷೇಪಗಳು ಗೊತ್ತು. ಮೊದಲನೆಯದು: ‘ಹೊಸಬರಿಗೆ ಇಷ್ಟೆಲ್ಲ ಯಾಕ್ರೀ, ಸರಳವಾಗಿ ಹೇಳ್ರಿ.’ ಬೈಟು ಎನ್ನುವುದು ಅಕ್ಷರ ಎನ್ನುವುದಕ್ಕಿಂತ ಕಷ್ಟದ ಮಾತೇನಲ್ಲ. ಪ್ರೌಢಶಾಲೆಯಲ್ಲಿ ಛಂದಸ್ಸು ಕಲಿತ ಹುಡುಗಿಗೆ ಹುಕ್ಕೇರಿಯಲ್ಲಿ ಮೂರು ಅಕ್ಷರ, ಗುರು, ಗುರು, ಲಘು ಎಂದು ಪ್ರಸ್ತಾರ ಹಾಕಲು ಬರುತ್ತದೆ. ಅಕ್ಷರ ಅಂದರೇನು ಎಂಬುದು ಅವಳಿಗೆ ಪಠ್ಯ ಬರೆದವರಿಗಿಂತ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ಲ್ಯಾಬಿನ ಬಾಗಿಲಲ್ಲಿ ಚಪ್ಪಲಿಯಂತೆ ಕಳಚಿಟ್ಟು ಬಾ ಅನ್ನುವುದು ಸರಳತೆಯಲ್ಲ.

ಎರಡನೆಯದು: ‘ಸಿ ಹಳೆಯದು, ಪೈಥಾನ್ ಕಲಿಸಿದರೆ ಆಯಿತು.’ ಪೈಥಾನ್‌ನಲ್ಲಿ ಹುಕ್ಕೇರಿಯ ಉದ್ದ ಕೇಳಿದರೆ 8 ಅನ್ನುತ್ತದೆ, 3 ಅಲ್ಲ. ಸಿಯಲ್ಲೇ ಗೆಟ್‌ಡಬ್ಲ್ಯುಚಾರ್ ಎಂಬ ಅಗಲ ಬಾಯಿಯ ಅಣ್ಣನಿದ್ದಾನೆ. ಲೊಕೇಲ್ ಸರಿಯಾಗಿ ಹೊಂದಿಸಿದರೆ ಅವನೂ ಎಂಟೇ ಎಣಿಸುತ್ತಾನೆ. ಕನ್ನಡದ ಅಕ್ಷರವನ್ನು ಓದುವ ಒಂದೇ ಒಂದು ಫಂಕ್ಷನ್ನೂ ಸಿಯ ಪ್ರಮಾಣಿತ ಸಂಗ್ರಹದಲ್ಲಿ ಇಲ್ಲ. ಬೈಟಿನಿಂದ ಚಿಹ್ನೆಗೆ, ಚಿಹ್ನೆಯಿಂದ ಕಾಗುಣಿತ, ಒತ್ತುಗಳನ್ನು ಕೂಡಿಸಿಕೊಂಡು ಅಕ್ಷರಕ್ಕೆ ಏರುವ ಮೆಟ್ಟಿಲನ್ನು ನಾವೇ ಕಟ್ಟಬೇಕು. ಅದಕ್ಕಿಂತ ಒಳ್ಳೆಯ ಲ್ಯಾಬ್ ಅಭ್ಯಾಸ ಇನ್ನಾವುದಿದೆ?

ಮೂರನೆಯದು: ‘ಪ್ರೋಗ್ರಾಮಿಂಗ್‌ಗೆ ಇಂಗ್ಲಿಷ್ ಸಾಕು.’ ಆದೇಶಗಳು ಇಂಗ್ಲಿಷಿನಲ್ಲೇ ಇರಲಿ, ನನ್ನ ತಕರಾರಿಲ್ಲ. ಆದರೆ ಓದಬೇಕಾದ ಹರಿವು ಯಾರದು? ಪಹಣಿ, ಪಡಿತರ ಚೀಟಿ, ಸೊಸೈಟಿಯ ಸಾಲದ ಪಟ್ಟಿ ಎಲ್ಲವೂ ಇಲ್ಲಿ ಕನ್ನಡದಲ್ಲಿವೆ. 1987ರಲ್ಲಿ ಮಾರುಕಟ್ಟೆಗೆ ಬಂದ ಟರ್ಬೊ ಸಿಯ ನೀಲಿ ಪರದೆಯನ್ನೇ ಇನ್ನೂ ಪೂಜಿಸುವ ಲ್ಯಾಬುಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಯಾಕೆಂದರೆ ಆ ಪರದೆಯಲ್ಲಿ ಯುನಿಕೋಡ್ ಕನ್ನಡ ಮೂಡುವುದೇ ಇಲ್ಲ. ಹುಸಿ ಪಾಠ ಇಷ್ಟು ವರ್ಷ ಬಾಳಿದ್ದು ಆ ನೀಲಿ ಪರದೆಯ ಮರೆಯಲ್ಲಿ.

ಗೋಕಾಕ ಎಂದರೆ ನಾಡಿನ ಬಹಳ ಜನರಿಗೆ ಊರಿಗಿಂತ ಮೊದಲು ನೆನಪಾಗುವುದು ವಿ.ಕೃ. ಗೋಕಾಕರ ವರದಿ ಮತ್ತು ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿ. ಶಾಲೆಯಲ್ಲಿ ಕನ್ನಡ ಮೊದಲ ಭಾಷೆಯಾಗಲಿ ಎಂದು ಬೀದಿಗಿಳಿದ ನಾಡು, ಕಾಲೇಜಿನ ಲ್ಯಾಬಿನಲ್ಲಿ ಕನ್ನಡವನ್ನು ಎಣಿಸಲೂ ಬಾರದ ಪಾಠವನ್ನು ಸುಮ್ಮನೆ ಒಪ್ಪಿಕೊಂಡಿದೆ. 2021ರಿಂದ ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ ಅವಕಾಶ ಕೊಟ್ಟಿದೆ. ‘ಕ್ಯಾರೆಕ್ಟರ್’ ಇದ್ದಲ್ಲೆಲ್ಲ ‘ಅಕ್ಷರ’ ಎಂದು ಕೂರಿಸಿದ ಪುಸ್ತಕವೇ ಕನ್ನಡದ ಎಂಜಿನಿಯರಿಂಗ್ ಆಗುವುದಾದರೆ ಆ ಅವಕಾಶದಿಂದ ಏನು ಬಂತು?

ನಾನು ಕೇಳುತ್ತಿರುವುದು ಕಡಿಮೆ. ನೋಟ್ಸಿನಲ್ಲಿ ‘ಒಂದು ಅಕ್ಷರ’ ಎಂಬುದನ್ನು ಹೊಡೆದು ‘ಒಂದು ಬೈಟು’ ಎಂದು ಬರೆಯಿರಿ. ಗೆಟ್‌ಚಾರ್ ಕೊಟ್ಟದ್ದನ್ನು ಇಂಟ್‌ನಲ್ಲಿ ಇಡಿಸಿ. ಚಾರ್‌ನಲ್ಲಿ ಇಟ್ಟವರಿಗೆ ಅಂಕ ಕಳೆಯಿರಿ. ಲ್ಯಾಬ್ ಪರೀಕ್ಷೆಯಲ್ಲಿ ಕೊಡುವ ಹೆಸರುಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಇರಲಿ. ಮೂರನೆಯದನ್ನು ಇಡಿಯಾಗಿ ಓದಿ ಮರಳಿಸುವವರೆಗೆ ಪ್ರೋಗ್ರಾಮಿಗೆ ಸಹಿ ಹಾಕಬೇಡಿ.