ಅಗ್ಗದ ಲೇಖನಿ ಯಾರ ಲೆಕ್ಕಕ್ಕೆ?

ಪರದೇಶದ ಕಾರ್ಖಾನೆಯಿಂದ ಸರಕನ್ನು ನೇರವಾಗಿ ತರಿಸಿಕೊಳ್ಳುವುದು ಒಂದು ಕಾಲದಲ್ಲಿ ದೊಡ್ಡ ವ್ಯಾಪಾರಿಗಳಿಗಷ್ಟೇ ಸಾಧ್ಯವಿದ್ದ ಕೆಲಸ. ಆಮದು ಪರವಾನಗಿ, ಬ್ಯಾಂಕಿನ ಕಾಗದಪತ್ರ, ಬಂದರಿನ ಏಜೆಂಟ, ಇವನ್ನೆಲ್ಲ ದಾಟಿ ಬಂದವನ ಕೈಗೆ ಮಾತ್ರ ಮಾಲು ಸಿಗುತ್ತಿತ್ತು. ಇಂದು ಆ ಕಟ್ಟಳೆಗಳು ಬಹುಮಟ್ಟಿಗೆ ಸಡಿಲವಾಗಿವೆ. ಕಿಸೆಯಲ್ಲೊಂದು ಮೊಬೈಲು, ಖಾತೆಯಲ್ಲಿ ಒಂದಿಷ್ಟು ಹಣವಿದ್ದರೆ, ಶಾಂಘೈಯಲ್ಲಿ ತಯಾರಾದ ಫೌಂಟನ್ ಪೆನ್ನು ಕೆಲವು ವಾರಗಳಲ್ಲಿ ಡೊಂಬಿವಲಿಯ ಬಾಡಿಗೆ ಕೋಣೆಯ ಬಾಗಿಲಿಗೆ ಬಂದು ತಲಪುತ್ತದೆ.

ಪೆನ್ನಿನ ಉದಾಹರಣೆಯನ್ನೇ ಏಕೆ ಎತ್ತಿಕೊಂಡೆವೆಂದರೆ, ನಮ್ಮ ಗುಮಾಸ್ತ ಬಂಧುಗಳಲ್ಲಿ ಅದರ ಗೀಳು ಹತ್ತಿದವರು ಅನೇಕರಿದ್ದಾರೆ. ಕಂಪ್ಯೂಟರು ಬಂದ ಮೇಲೆ ಕಚೇರಿಗೆ ಶಾಯಿಯ ಪೆನ್ನು ಬೇಡವಾಯಿತು. ಕಚೇರಿಗೆ ಬೇಡವಾದ ಮೇಲೆ ಅದು ಮನಸ್ಸಿಗೆ ಬೇಕಾದ ಹವ್ಯಾಸವಾಯಿತು. ಹೊಟೇಲಿನಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹಿಂದಿನ ತಲೆಮಾರಿನವರಿಗಂತೂ ಅಂಗಿಯ ಕಿಸೆಗೆ ಸಿಕ್ಕಿಸಿದ ಪೆನ್ನು ಕೇವಲ ಬರೆಯುವ ಸಾಧನವಾಗಿರಲಿಲ್ಲ. ತಾನೂ ಓದು ಬಲ್ಲವನೆಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. ಅಂಥವರ ಮಕ್ಕಳು ಇಂದು ಪೆನ್ನುಗಳನ್ನು ಕೂಡಿಡುತ್ತಿದ್ದರೆ ಆಶ್ಚರ್ಯವಿಲ್ಲ.

ಅಂಥ ವಾಚಕರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಕೋಟೆ ವಿಭಾಗದ ಅಂಗಡಿಯಲ್ಲಿ ಹೇಳುವ ಬೆಲೆಯ ಅರ್ಧಕ್ಕೆ ಅದೇ ಪೆನ್ನು ಚೀನದಿಂದ ನೇರವಾಗಿ ಬರುತ್ತದೆ. ತರಿಸಿಕೊಂಡರೆ ತಪ್ಪೇ? ಗೆಳೆಯರು ದೇಶದ್ರೋಹವೆನ್ನುತ್ತಾರೆ, ಹೆಂಡತಿ ಜಾಣತನವೆನ್ನುತ್ತಾಳೆ." ಪ್ರಶ್ನೆ ಚಿಕ್ಕದು. ಆದರೆ ಕೊಳ್ಳುವವನ ಧರ್ಮವೇನೆಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ. ಆದುದರಿಂದ ನಾಲ್ಕು ಮಾತು ಬರೆಯುವುದು ಉಚಿತವೆಂದು ಬಗೆದಿದ್ದೇವೆ.

ಮೊದಲನೆಯದಾಗಿ, ತಯಾರಿಸಿದವನಿಂದ ನೇರವಾಗಿ ಕೊಳ್ಳುವುದು ತನ್ನಷ್ಟಕ್ಕೆ ಪಾಪವಲ್ಲ. ಇದನ್ನು ಪಾಪವೆನ್ನಲು ಹೊಟೇಲಿನವರಿಗಂತೂ ಬಾಯಿಲ್ಲ. ಚಿಕ್ಕಮಗಳೂರಿನ ತೋಟದಿಂದ ನೇರವಾಗಿ ಕಾಫಿ ಬೀಜ ತರಿಸಿಕೊಳ್ಳುವ ಹೊಟೇಲುಗಳಿವೆ. ಊರಿನ ಪರಿಚಯದ ಮೇಲೆ ತೆಂಗಿನಕಾಯಿಯನ್ನು ಲಾರಿಗೆ ಹಾಕಿಸಿಕೊಳ್ಳುವವರಿದ್ದಾರೆ. ಮನೆಮನೆಗೆ ತಿಂಡಿ ಮುಟ್ಟಿಸುವ ಕಂಪೆನಿಗಳು ಬಿಲ್ಲಿನ ಮೇಲೆ ದೊಡ್ಡ ದಲ್ಲಾಳಿ ಹಿಡಿಯುತ್ತವೆಂದು, "ನಮಗೇ ನೇರವಾಗಿ ಫೋನು ಮಾಡಿ" ಎಂದು ಗಿರಾಕಿಗಳನ್ನು ನಾವೇ ಬೇಡಿಕೊಳ್ಳುತ್ತೇವೆ. ನಮಗೆ ನ್ಯಾಯವಾದದ್ದು ಪೆನ್ನು ಕೊಳ್ಳುವ ಗುಮಾಸ್ತನಿಗೆ ಅನ್ಯಾಯವಾಗುವುದು ಹೇಗೆ?

ಎರಡನೆಯದಾಗಿ, "ಪರದೇಶದ್ದು, ಆದುದರಿಂದ ಕೆಟ್ಟದ್ದು" ಎಂಬ ವಾದ. ಸ್ವದೇಶೀ ಚಳವಳಿ ಈ ದೇಶದ ಬರವಣಿಗೆಯ ಸಾಮಗ್ರಿಗೆ ಮಾಡಿದ ಉಪಕಾರ ದೊಡ್ಡದು. ಅದನ್ನು ನಾವು ಅಲ್ಲಗಳೆಯುವವರಲ್ಲ. ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ತಯಾರಿಸಿ ಕಳುಹಿಸಿದ ಪೆನ್ನಿಗೆ 1935ರಲ್ಲಿ ಗಾಂಧೀಜಿಯವರು ಮೆಚ್ಚುಗೆಯ ಪತ್ರ ಬರೆದರು. ಬಂಗಾಳದ ಸುಲೇಖಾ ಶಾಯಿ 1934ರಲ್ಲಿ ಹುಟ್ಟಿದ್ದೂ ಅದೇ ಪ್ರೇರಣೆಯಿಂದ. ನಮ್ಮ ಮುಂಬಯಿಯಲ್ಲೇ 1931ರಲ್ಲಿ ದಾಂಡೇಕರರು ಶಾಯಿಯ ಪುಡಿಯಿಂದ ಆರಂಭಿಸಿದ ಉದ್ಯೋಗ ಮುಂದೆ ಕ್ಯಾಮ್ಲಿನ್ ಆಗಿ ಬೆಳೆದು, ದೇಶದ ಶಾಲಾ ಮಕ್ಕಳ ಕೈಗೆಲ್ಲ ತಲಪಿತು.

ಆದರೆ ಇಂದಿನ ಸ್ಥಿತಿಯನ್ನು ನೋಡಬೇಕು. ಆ ಕ್ಯಾಮ್ಲಿನ್ 2011ರಲ್ಲಿ ಜಪಾನಿನ ಕೊಕುಯೊ ಸಂಸ್ಥೆಯ ಕೈಸೇರಿತು. ಇತ್ತ ತಮಿಳುನಾಡಿನ ತಿರುವಳ್ಳೂರಿನಲ್ಲಿ ಎಬೊನೈಟ್ ಕೋಲನ್ನು ಲೇತಿಗೆ ಕೊಟ್ಟು ಕೈಯಿಂದ ಪೆನ್ನು ಕಡೆಯುವ ಕುಶಲಿಗಳು, ಗಿರಾಕಿ ಬಯಸಿದರೆ ಜರ್ಮನಿಯ ಬಾಕ್ ಅಥವಾ ಯೊವೊ ಕಾರ್ಖಾನೆಯ ನಿಬ್ಬನ್ನು ಜೋಡಿಸಿಕೊಡುತ್ತಾರೆ. ಒಡಲು ನಮ್ಮದು, ನಾಲಿಗೆ ಜರ್ಮನಿಯದು. ಅದನ್ನು ಸ್ವದೇಶಿಯೆನ್ನಬೇಕೋ ವಿದೇಶಿಯೆನ್ನಬೇಕೋ? ಕುಶಲಿಯೇ ಕಡಲಾಚೆಯಿಂದ ನಿಬ್ಬು ತರಿಸಿ ತನ್ನ ಕಸಬನ್ನು ಉಳಿಸಿಕೊಂಡಿರುವಾಗ, ಗಡಿಯೊಂದನ್ನೇ ನೀತಿಯ ಗೆರೆಯೆಂದು ಎಳೆಯುವುದು ಸಾಧ್ಯವಿಲ್ಲ.

ಇನ್ನೊಂದು ಮಾತನ್ನೂ ನಮ್ಮವರು ಮರೆಯಬಾರದು. 1960ರ ದಶಕದ ಕೊನೆಯಲ್ಲಿ ಇದೇ ನಗರದಲ್ಲಿ "ಹೊರಗಿನವರು" ಎಂಬ ಒಂದೇ ಕಾರಣಕ್ಕೆ ದಕ್ಷಿಣದವರ ಹೊಟೇಲುಗಳ ಮೇಲೆ ಕಲ್ಲು ಬಿದ್ದುವು. ಇಡ್ಲಿಯ ರುಚಿ ಕೆಟ್ಟಿತ್ತೆಂದಲ್ಲ, ಲೆಕ್ಕದಲ್ಲಿ ಮೋಸವಿತ್ತೆಂದಲ್ಲ. ಮಾಡಿದವನ ಊರು ಬೇರೆಯಾಗಿತ್ತು, ಅಷ್ಟೆ. ಪರವೂರಿನಲ್ಲಿ ದುಡಿದು ಉಣ್ಣುವ ನಾವು, ಶಾಂಘೈಯ ಕಾರ್ಮಿಕನ ಕೈಕೆಲಸವನ್ನು ಅವನ ಊರಿನ ಹೆಸರಿನಿಂದಲೇ ಹಳಿಯುವುದು ಸಲ್ಲದು. ಸರಕನ್ನು ತೂಗುವ ತಕ್ಕಡಿ ಬೇರೆ, ಜನರನ್ನು ದೂರುವ ನಾಲಿಗೆ ಬೇರೆ.

ಹಾಗಾದರೆ ಎಲ್ಲವೂ ಸರಿಯೇ? ಅಲ್ಲ. ವಸ್ತು ಎಲ್ಲಿಂದ ಬಂತೆಂಬುದಕ್ಕಿಂತ, ಅದರ ಅಗ್ಗ ಎಲ್ಲಿಂದ ಬಂತೆಂಬುದೇ ಮುಖ್ಯ. ತಯಾರಿಸಿದವನ ಜಾಣ್ಮೆಯಿಂದ, ಮಧ್ಯೆ ಇದ್ದ ಅನಾವಶ್ಯಕ ಕೈಗಳು ಕಡಮೆಯಾದುದರಿಂದ ಬಂದ ಅಗ್ಗ ನ್ಯಾಯವಾದುದು. ಬೇರೊಬ್ಬನಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಉಳಿಸಿದ ಹಣ ಅಗ್ಗವಲ್ಲ, ಅದು ಬಾಕಿ. ಈ ಬಾಕಿ ಮೂರು ಬಗೆಯದು.

ಮೊದಲನೆಯದು ಅಂಗಡಿಯವನ ಬಾಕಿ. ಫೌಂಟನ್ ಪೆನ್ನು ಸೀಸದಕಡ್ಡಿಯಂತಲ್ಲ. ನಿಬ್ಬಿನ ಎರಡು ಸೀಳುಗಳು ಕೂದಲೆಳೆಯಷ್ಟು ಹೆಚ್ಚು ಕಡಮೆಯಾದರೂ ಕಾಗದವನ್ನು ಗೀರುತ್ತದೆ, ಇಲ್ಲವೆ ಶಾಯಿ ಹರಿಯುವುದಿಲ್ಲ. ಒಬ್ಬೊಬ್ಬರ ಕೈಯ ಓರೆ ಒಂದೊಂದು. ಆದುದರಿಂದಲೇ ಒಳ್ಳೆಯ ಅಂಗಡಿಯವನು ನಾಲ್ಕು ಪೆನ್ನುಗಳನ್ನು ಶಾಯಿಯಲ್ಲಿ ಅದ್ದಿ, ಬರೆಸಿ ನೋಡಿ, ಹೆಬ್ಬೆರಳಿನ ಉಗುರಿನಿಂದ ನಿಬ್ಬನ್ನು ತುಸು ತಿದ್ದಿ, ತೊಳೆದು ಒರೆಸಿ ಕೊಡುತ್ತಾನೆ. ಇದಕ್ಕಾಗಿ ಅವನು ಬಾಡಿಗೆ ಕೊಡುತ್ತಾನೆ, ದೀಪದ ಬಿಲ್ಲು ಕಟ್ಟುತ್ತಾನೆ, ಆಳಿಗೆ ಸಂಬಳ ಕೊಡುತ್ತಾನೆ. ಅವನು ಹೇಳುವ ಬೆಲೆಯಲ್ಲಿ ಇವೆಲ್ಲ ಸೇರಿವೆ. ಕಾಯಿದೆಯಂತೆ ಕಟ್ಟಿದ ಸುಂಕವೂ ತೆರಿಗೆಯೂ ಸೇರಿವೆ.

ಈಗ ಕೆಲವು ಹವ್ಯಾಸಿಗಳು ಮಾಡುವುದೇನು? ಅಂಗಡಿಗೆ ಹೋಗಿ ಅರ್ಧ ತಾಸು ಕುಳಿತು ಆರು ಪೆನ್ನು ಬರೆದು ನೋಡುತ್ತಾರೆ. ಯಾವ ನಿಬ್ಬು ತಮ್ಮ ಕೈಗೆ ಹೊಂದುತ್ತದೆಂದು ಅಂಗಡಿಯವನ ಬಾಯಿಂದಲೇ ತಿಳಿದುಕೊಳ್ಳುತ್ತಾರೆ. "ಆಮೇಲೆ ಬರುತ್ತೇನೆ" ಎಂದು ಮೆಟ್ಟಿಲಿಳಿದು, ಬಸ್ಸಿನಲ್ಲಿ ಕುಳಿತೇ ಅದೇ ಪೆನ್ನನ್ನು ಕಡಲಾಚೆಯಿಂದ ತರಿಸಲು ಹಣ ಕಟ್ಟುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದ್ದು.

ಹೊಟೇಲಿನ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಬ್ಬ ಗಿರಾಕಿ ಬಂದು ಫ್ಯಾನಿನ ಕೆಳಗೆ ಕುಳಿತು, ಮಾಣಿ ತಂದಿಟ್ಟ ನೀರು ಕುಡಿದು, ಸಾಂಬಾರಿನ ರುಚಿ ನೋಡಿ, ಕೈತೊಳೆದುಕೊಂಡು, ಊಟಕ್ಕೆ ಎದುರಿನ ಹೊಟೇಲಿಗೆ ಹೋದರೆ ನಮಗೆ ಹೇಗನ್ನಿಸುತ್ತದೆ? ನೀರಿಗೆ ಬೆಲೆಯಿಲ್ಲ, ನಿಜ. ಆದರೆ ನೀರು ತಂದಿಟ್ಟವನ ಕಾಲಿಗೆ ಬೆಲೆಯಿದೆ, ಮೇಜು ಒರೆಸಿದವನ ಕೈಗೆ ಬೆಲೆಯಿದೆ. ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕುಳಿತವರಿಗೆ ತಿಳಿದಿರುವಂತೆ, ಒಂದು ಲೋಟ ಕಾಫಿಯ ಬೆಲೆಯಲ್ಲಿ ಪುಡಿ, ಹಾಲು, ಸಕ್ಕರೆಗಳ ಪಾಲಿಗಿಂತ ಮನುಷ್ಯರ ದುಡಿಮೆಯ ಮತ್ತು ಜಾಗದ ಪಾಲು ಸಣ್ಣದೇನಲ್ಲ. ಪೆನ್ನಿನ ಅಂಗಡಿಯ ಆಳು ನಮ್ಮ ಮಾಣಿಯ ಸೋದರನೇ. ವ್ಯಾಪಾರ ಇಳಿದರೆ ಮೊದಲು ಮನೆಗೆ ಹೋಗುವವನು ಮಾಲಿಕನಲ್ಲ, ಆ ಆಳು.

ಎರಡನೆಯದು ಸರಕಾರದ ಬಾಕಿ. ಹೊರದೇಶದ ಸಣ್ಣ ಪೊಟ್ಟಣಗಳ ಮೇಲೆ ವಸ್ತುವಿನ ಹೆಸರು, ಬೆಲೆ ಬರೆದ ಚೀಟಿ ಅಂಟಿರುತ್ತದೆ. ಹಿಂದೆ ಐದು ಸಾವಿರ ರೂಪಾಯಿಯೊಳಗಿನ ಉಡುಗೊರೆಗಳಿಗೆ ಸುಂಕವಿರಲಿಲ್ಲ. ಹೊರನಾಡಿನಲ್ಲಿರುವ ಅಣ್ಣ ತಂಗಿಗೆ ಸೀರೆ ಕಳುಹಿಸಲಿ ಎಂಬಂಥ ಸದುದ್ದೇಶದ ರಿಯಾಯಿತಿ ಅದು. ಹಣ ಕೊಟ್ಟು ಕೊಂಡ ಸರಕನ್ನೆಲ್ಲ ಮಾರಾಟಗಾರರು "ಉಡುಗೊರೆ"ಯೆಂದು ಬರೆದು ಕಳುಹಿಸತೊಡಗಿದರು. ಕೊಂಡವರು ಬಾಯಿ ಮುಚ್ಚಿ ಪಡೆದುಕೊಂಡರು. ಕೊನೆಗೆ 2019ರ ಡಿಸೆಂಬರ್ 12ರಂದು ಕೇಂದ್ರ ಸರಕಾರವು ಪ್ರಾಣರಕ್ಷಕ ಔಷಧಿ ಮತ್ತು ರಾಖಿಗಳ ಹೊರತು ಅಂಚೆ, ಕೊರಿಯರುಗಳ ಮೂಲಕ ಉಡುಗೊರೆಯ ಹೆಸರಿನಲ್ಲಿ ಬರುವ ಆಮದನ್ನೇ ನಿಷೇಧಿಸಿತು. ಕೆಲವರ ಸುಳ್ಳಿನಿಂದ, ನಿಜವಾಗಿ ಪ್ರೀತಿಯಿಂದ ಕಳುಹಿಸುವ ಅಣ್ಣನಿಗೂ ಬಾಗಿಲು ಮುಚ್ಚಿತು.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಯುರೋಪಿನ ಒಕ್ಕೂಟ 2021ರ ಜುಲೈಯಲ್ಲಿ 22 ಯೂರೊವರೆಗಿನ ಪೊಟ್ಟಣಗಳಿಗಿದ್ದ ತೆರಿಗೆ ವಿನಾಯಿತಿಯನ್ನು ತೆಗೆದುಹಾಕಿತು. ಅಮೆರಿಕವು 800 ಡಾಲರುವರೆಗಿನ ಪೊಟ್ಟಣಗಳಿಗೆ ಕೊಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರಲ್ಲಿ, ಮೊದಲು ಚೀನದ ಸರಕಿಗೆ, ಆಗಸ್ಟ್ ಅಂತ್ಯಕ್ಕೆ ಎಲ್ಲ ದೇಶಗಳ ಸರಕಿಗೆ ನಿಲ್ಲಿಸಿತು.

ಇಷ್ಟಾದರೂ "ಬೆಲೆ ಕಡಮೆ ಬರೆದು ಕಳುಹಿಸಿ" ಎಂದು ಮಾರಾಟಗಾರನಿಗೆ ಸೂಚನೆ ಕೊಡುವವರು ಇದ್ದಾರೆ. ಬಲ್ಲಾರ್ಡ್ ಎಸ್ಟೇಟಿನ ವಿದೇಶೀ ಅಂಚೆ ಕಚೇರಿಯ ನೌಕರ ಪ್ರತಿಯೊಂದು ಪೊಟ್ಟಣವನ್ನೂ ಬಿಚ್ಚಿ ನೋಡಲಾರನೆಂಬುದೇ ಇವರ ಧೈರ್ಯ. ಉಳಿಯುವುದು ನೂರೋ ಇನ್ನೂರೋ ರೂಪಾಯಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ತಿಂಗಳ ಸಂಬಳದಲ್ಲಿ ಕಾಸು ಬಿಡದೆ ತೆರಿಗೆ ಮುರಿಸಿಕೊಳ್ಳುವ ಗುಮಾಸ್ತ, ಹವ್ಯಾಸದ ವಸ್ತುವಿನಲ್ಲಿ ಸುಳ್ಳು ಲೆಕ್ಕ ಬರೆಸುವುದು ಅವನ ಘನತೆಗೆ ತಕ್ಕುದಲ್ಲ. ಅಕ್ಕಿ ಬೇಳೆಗಾಗಿ ಹೇಳಿದ ಸುಳ್ಳಿಗೆ ಹಸಿವಿನ ನೆಪವಾದರೂ ಇದ್ದೀತು. ಹವ್ಯಾಸಕ್ಕೆ ಆ ನೆಪವೂ ಇಲ್ಲ.

ಮೂರನೆಯದು, ಮೊದಲು ಕಲ್ಪಿಸಿದವನ ಬಾಕಿ. 1941ರಲ್ಲಿ ಪೇಟೆಗೆ ಬಂದ ಪಾರ್ಕರ್ 51ರ ಹೋಲಿಕೆಯಲ್ಲಿ ಶಾಂಘೈಯ ಹೀರೋ ಕಂಪೆನಿ ಮಾಡಿದ ಪೆನ್ನುಗಳನ್ನು ನಮ್ಮ ಹಿರಿಯರಲ್ಲಿ ಬಳಸದವರು ಕಡಮೆ. ಹಳೆಯ ವಿನ್ಯಾಸ ಎಂದೆಂದಿಗೂ ಒಬ್ಬನ ಸೊತ್ತಾಗಿ ಉಳಿಯುವುದಿಲ್ಲ. ನಮ್ಮ ದೇಶದ 2000ನೆಯ ಇಸವಿಯ ವಿನ್ಯಾಸ ಕಾಯಿದೆಯೂ ನೋಂದಾಯಿಸಿದ ವಿನ್ಯಾಸಕ್ಕೆ ಹತ್ತು ವರ್ಷ, ನವೀಕರಿಸಿದರೆ ಇನ್ನೈದು ವರ್ಷ ರಕ್ಷಣೆ ಕೊಡುತ್ತದೆ. ಆಮೇಲೆ ಅದು ಎಲ್ಲರದು. ಮಸಾಲೆ ದೋಸೆಯನ್ನು ಮೊದಲು ಮಾಡಿದವನಿಗೆ ಇಂದಿನ ಹೊಟೇಲಿನವರು ಯಾರೂ ಕಾಣಿಕೆ ಸಲ್ಲಿಸುವುದಿಲ್ಲವಷ್ಟೆ.

ಆದರೆ ನೆರೆಯವನ ಹೊಟೇಲಿನ ಹೆಸರನ್ನೇ ಫಲಕದ ಮೇಲೆ ಬರೆಸಿಕೊಂಡು ದೋಸೆ ಮಾರಿದರೆ? ಅದು ಕಳವು. ತನ್ನ ಹೆಸರಿನಲ್ಲಿ ಹಳೆಯ ಮಾದರಿಯ ಪೆನ್ನು ಮಾಡುವವನಿಗೂ, ಪ್ರಸಿದ್ಧ ಕಂಪೆನಿಯ ಹೆಸರನ್ನೇ ಕ್ಲಿಪ್ಪಿನ ಮೇಲೆ ಕೊರೆದು ಕಾಲುಬೆಲೆಗೆ ಕಳುಹಿಸುವವನಿಗೂ ಇರುವ ಅಂತರ ಇದೇ. ಇಂಥ ಖೋಟಾ ಮಾಲನ್ನು ತಡೆಹಿಡಿಯುವ ಅಧಿಕಾರ ಸುಂಕದ ಇಲಾಖೆಗೆ 2007ರ ನಿಯಮಗಳಿಂದ ಇದೆ. ಇವೆರಡರ ನಡುವೆ, ಯಾವನೋ ಸಣ್ಣ ತಯಾರಕ ಮೊನ್ನೆ ಮೊನ್ನೆ ದುಡಿದು ರೂಪಿಸಿದ ಹೊಸ ಮಾದರಿಯನ್ನು, ಹೆಸರು ಮಾತ್ರ ಬದಲಿಸಿ ಅಚ್ಚಿಗೆ ಅಚ್ಚಾಗಿ ಇಳಿಸಿದ ಮಾಲೂ ಉಂಟು. ಕಾಯಿದೆ ಅದನ್ನು ಹಿಡಿದೀತೋ ಬಿಟ್ಟೀತೋ, ಪೆನ್ನುಗಳ ಜಾತಕವನ್ನೇ ಬಲ್ಲ ಹವ್ಯಾಸಿಗೆ ಅದು ಯಾರ ಬೆವರೆಂದು ಚೆನ್ನಾಗಿ ಗೊತ್ತು. ಅವನು ಅದನ್ನು ಕೊಳ್ಳದಿರುವುದೇ ಮೇಲು.

ಅಂಗಡಿಯವರಿಗೂ ಒಂದು ಮಾತು ಹೇಳದಿದ್ದರೆ ನಮ್ಮ ಬರಹ ಏಕಪಕ್ಷೀಯವಾದೀತು. ಪೆಟ್ಟಿಗೆ ಬಿಚ್ಚದೆ, ಬರೆದು ನೋಡಲು ಬಿಡದೆ, ಕೆಟ್ಟರೆ "ಕಂಪೆನಿಗೆ ಬರೆಯಿರಿ" ಎಂದು ಕೈಚೆಲ್ಲುವವನು ಇಮ್ಮಡಿ ಬೆಲೆ ಕೇಳುವುದು ಯಾವ ಹಕ್ಕಿನಿಂದ? ದುಡಿಮೆಯಿಲ್ಲದ ದಲ್ಲಾಳಿಗೆ ದಯೆ ತೋರಿಸಬೇಕೆಂದು ನಾವು ಯಾರಿಗೂ ಉಪದೇಶಿಸುವುದಿಲ್ಲ. ಹಳಸಿದ ಚಟ್ನಿ ಬಡಿಸಿ, "ನಮ್ಮವರ ಹೊಟೇಲು, ಬಿಡಬೇಡಿ" ಎಂದು ಅಂಗಲಾಚಿದರೆ ಗಿರಾಕಿ ಎಷ್ಟು ದಿನ ಬಂದಾನು? ನೇರ ಆಮದಿನ ಭೀತಿಗೆ ಮದ್ದು ಒಳ್ಳೆಯ ಸೇವೆ. ಕಡಲಾಚೆಯಿಂದ ಬಂದ ಅಗ್ಗದ ಪೆನ್ನು ಗೀರಿದರೆ ಅದನ್ನು ಹಿಂದಿರುಗಿಸುವ ಅಂಚೆ ವೆಚ್ಚವೇ ಪೆನ್ನಿನ ಬೆಲೆಯನ್ನು ಮೀರಬಹುದು. ಅಂಥ ಪೆನ್ನನ್ನೂ ತಿದ್ದಿಕೊಟ್ಟು, ತಕ್ಕ ಮಜೂರಿ ಪಡೆಯುವ ಅಂಗಡಿಯವನಿಗೆ ಗಿರಾಕಿ ತಪ್ಪಲಾರ.

ಪ್ರಶ್ನೆ ಕೇಳಿದ ವಾಚಕರಿಗೆ ನಮ್ಮ ಉತ್ತರ ಇಷ್ಟು. ನಿಮಗೆ ಬೇಕಾದ ಪೆನ್ನನ್ನು ನೀವೇ ಓದಿ ತಿಳಿದು, ನೀವೇ ಆರಿಸಿ, ಸರಿಯಾದ ಬೆಲೆ ಬರೆಸಿ, ಸುಂಕ ಕೊಟ್ಟು, ಚೀನದಿಂದಾಗಲಿ ಜರ್ಮನಿಯಿಂದಾಗಲಿ ಸಂತೋಷವಾಗಿ ತರಿಸಿಕೊಳ್ಳಿ. ಅದು ದೇಶದ್ರೋಹವಲ್ಲ. ಆದರೆ ಅಂಗಡಿಯ ಕುರ್ಚಿಯಲ್ಲಿ ಕುಳಿತು, ಅಂಗಡಿಯ ಶಾಯಿಯಲ್ಲಿ ಬರೆದು, ಅಂಗಡಿಯವನ ಬುದ್ಧಿಯಿಂದ ಆರಿಸಿದ ಪೆನ್ನಾದರೆ, ಹಣವನ್ನು ಅವನ ಗಲ್ಲೆಯಲ್ಲೇ ಇಡಿ. ಅಷ್ಟು ಶಕ್ತಿಯಿಲ್ಲದಿದ್ದರೆ ಒಂದು ಶೀಸೆ ಶಾಯಿಯನ್ನಾದರೂ ಕೊಂಡು ಬನ್ನಿ. ಬೆಂಗಳೂರಿನ ಬ್ರಿಲ್ ಶಾಯಿ ಇಂದಿಗೂ ಬಡವನ ಕೈಗೆಟಕುವ ಬೆಲೆಯಲ್ಲೇ ಸಿಗುತ್ತದೆ.

ನಾವು ಬಿಲ್ಲು ಬರೆಯುವವರು, ಬಿಲ್ಲು ಕೊಡುವವರು, ಬಿಲ್ಲಿನ ಮೇಲೆ ಬದುಕುವವರು. ಉಂಡವನು ಬಿಲ್ಲು ಕೊಟ್ಟೇ ಏಳಬೇಕೆಂಬುದು ನಮ್ಮ ಕಸಬಿನ ಮೊದಲ ಪಾಠ. ಆ ಪಾಠವನ್ನು ಗಿರಾಕಿಗೆ ಮಾತ್ರ ಕಲಿಸದೆ, ನಾವೂ ಇನ್ನೊಬ್ಬನ ಅಂಗಡಿಯಲ್ಲಿ ಗಿರಾಕಿಗಳಾದಾಗ ನೆನಪಿಟ್ಟುಕೊಳ್ಳೋಣ.