ರೇಷನ್ ಕಾರ್ಡಿನ ಹಿಂದೆ ಮಡಚಿಟ್ಟ ಚೀಟಿ

ಕೂಡ್ಲಿಗಿ ಕಡೆಯ ಒಂದು ಮನೆ. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಎಲ್ಲ ತುಂಬಿಟ್ಟಿದ್ದ ಪ್ಲಾಸ್ಟಿಕ್ ಕವರಿಗೆ ಕೈ ಹಾಕಿ ಆ ಅಕ್ಕ ಒಂದು ಚೀಟಿ ತೆಗೆದರು. ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲಿ ಹರಿಯುವಷ್ಟು ಸವೆದಿತ್ತು. ಖಾಲಿ ಹೊಟ್ಟೆಯ ಸಕ್ಕರೆ 116, ಎಚ್‌ಬಿಎ1ಸಿ 6.1. ತಾರೀಕು ನೋಡಿದರೆ ಹದಿನಾಲ್ಕು ತಿಂಗಳ ಹಿಂದಿನದು.

"ಯಾರಿಗೂ ತೋರಿಸಿಲ್ಲೇನ್ರಿ ಅಕ್ಕಾ?"

"ಏನ್ ತೋರಸ್ಲಿ? ಬಾರ್ಡರ್‌ನಾಗೈತಿ ಅಂದ್ರು. ಬಾರ್ಡರ್ ಅಂದ್ರ ಇನ್ನೂ ಬಂದಿಲ್ಲ ಅಂತ ಅಲ್ಲೇನು?" ಎಂದವರೇ ಚಾ ಮಾಡಲು ಒಳಗೆ ಹೋದರು. ನನ್ನ ಕಪ್ಪಿಗೆ ಎರಡು ಚಮಚ ಸಕ್ಕರೆ, ಅವರ ಕಪ್ಪಿಗೂ ಎರಡು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನನ್ನ ಜನರೇ, ಈ 'ಬಾರ್ಡರ್' ಎಂಬ ಒಂದು ಮಾತು ನಮ್ಮನ್ನು ಹೇಗೆ ನಿದ್ದೆಗೆ ಹಾಕಿದೆ ನೋಡಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125ರವರೆಗೆ ಬಂದರೆ, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ನೋವಿಲ್ಲ, ಉರಿಯಿಲ್ಲ, ಕೂಲಿಗೆ ಹೋಗಲು ಅಡ್ಡಿಯಿಲ್ಲ. ಅದಕ್ಕೇ ಚೀಟಿ ಕವರಿನೊಳಗೆ ಮಲಗುತ್ತದೆ. ಬಾರ್ಡರ್ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನು ಹರಪನಹಳ್ಳಿಯವರಿಗಂತೂ ಹೇಳಿಕೊಡಬೇಕಾಗಿಲ್ಲ. 1997ರಲ್ಲಿ ದಾವಣಗೆರೆಗೆ ಹೋದರು, ಮತ್ತೆ ಬಳ್ಳಾರಿಗೆ ಮರಳಿದರು, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಕೂತ ಜಾಗದಿಂದ ಏಳದೆಯೇ ಗಡಿ ದಾಟಿದರು. ರಕ್ತದ ಸಕ್ಕರೆಯದ್ದೂ ಅದೇ ಕಥೆ. ಆದರೆ ಇಲ್ಲಿ ಹಿಂದಕ್ಕೆ ಬರಲು ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ.

ಹಿಂದಕ್ಕೆ ಬರಬಹುದು ಎನ್ನುವುದು ನನ್ನ ಬಾಯಿಮಾತಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ಮಾಡದೆ ಬಿಟ್ಟವರಲ್ಲಿ ನೂರಕ್ಕೆ 55 ಜನ ಮಧುಮೇಹಿಗಳಾದರು. ಊಟ ತಿದ್ದಿಕೊಂಡು ನಡೆದಾಡಿದವರಲ್ಲಿ 39. ಆ 55 ಎಂಬ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೂರೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು! 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, ಹೊಸ್ತಿಲಲ್ಲಿ ನಿಂತವರು 13.6 ಕೋಟಿ ಎಂದಿತು. ಒಳಗೆ ಹೋದವರಿಗಿಂತ ಬಾಗಿಲಲ್ಲಿ ನಿಂತವರೇ ಹೆಚ್ಚು.

"ಮೈ ಮುರಿದು ದುಡಿಯೋರಿಗೆ, ಜೋಳದ ರೊಟ್ಟಿ ತಿನ್ನೋರಿಗೆ ಎಲ್ಲಿಯ ಶುಗರ್?" ಎಂದು ಕಟ್ಟೆಯ ಮೇಲೆ ಕೂತವರು ಈಗಲೂ ಕೇಳುತ್ತಾರೆ. ಯಾವ ಕಾಲದ ಮಾತದು! ಹೊಲ ಟ್ರ್ಯಾಕ್ಟರ್ ಹೂಡುತ್ತದೆ, ಬಾವಿಯ ನೀರು ಮೋಟಾರು ಎತ್ತುತ್ತದೆ, ಪಕ್ಕದ ಓಣಿಗೂ ಬೈಕು ಬೇಕು. ನವಣೆ, ಸಾವೆ, ಸಜ್ಜೆ ಬೆಳೆದ ಹೊಲದಲ್ಲಿ ಈಗ ಮೆಕ್ಕೆಜೋಳ. ಅದು ನಮ್ಮ ಗಂಗಾಳಕ್ಕೆ ಬರುವುದಿಲ್ಲ, ಲಾರಿ ಹತ್ತಿ ಹೋಗುತ್ತದೆ. ಗಂಗಾಳಕ್ಕೆ ಬರುವುದು ಅಕ್ಕಿ. 2013ರ ಅನ್ನಭಾಗ್ಯ ಹಸಿದ ಹೊಟ್ಟೆಗೆ ಅನ್ನ ಕೊಟ್ಟಿತು, ಅದನ್ನು ಹಳಿಯುವ ಬಾಯಿ ನನ್ನದಲ್ಲ. ಆದರೆ ಎರಡು ಹೊತ್ತೂ ಗುಡ್ಡೆ ಅನ್ನ, ಅದರ ಮೇಲೆ ತಿಳಿಸಾರು, ಮೂಲೆಯಲ್ಲಿ ಬೆರಳಗಲ ಪಲ್ಯ ಎಂದಾದರೆ ಹೊಟ್ಟೆ ತುಂಬುತ್ತದೆ, ರಕ್ತದಲ್ಲಿ ಸಕ್ಕರೆಯೂ ತುಂಬುತ್ತದೆ. ರೊಟ್ಟಿಯ ಹೆಸರು ಹೇಳಿಕೊಂಡು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನಾಲ್ಕು ರೊಟ್ಟಿಯೂ ಕೊನೆಗೆ ಸಕ್ಕರೆಯೇ, ದೊಡ್ಡ ಮುದ್ದೆಯೂ ಸಕ್ಕರೆಯೇ. ಇನ್ನು ಹಗುರ ಅಂತ ಸಂಜೆ ನಾವು ಪುಟ್ಟಿಗಟ್ಟಲೆ ತಿನ್ನುವ ಮಂಡಕ್ಕಿ ಇದೆಯಲ್ಲ, ಅದು ಉಬ್ಬಿದ ಅಕ್ಕಿ. ಬಾಯಲ್ಲಿ ಕರಗುವಷ್ಟೇ ಬೇಗ ರಕ್ತಕ್ಕೆ ಇಳಿಯುತ್ತದೆ. ಕೊಟ್ಟೂರಿನಲ್ಲಿ ನಿಂತು ಮಿರ್ಚಿ ಮಂಡಕ್ಕಿಯ ವಿರುದ್ಧ ಮಾತಾಡುವ ಧೈರ್ಯ ನನಗೆ ಇಷ್ಟೇ, ಮುಂದೆ ಹೋಗುವುದಿಲ್ಲ.

ಗಂಗಾಳವನ್ನು ತಿರುವಿ ಹಾಕಿದರೆ ಸಾಕು. ಅರ್ಧ ಭಾಗಕ್ಕೆ ಪುಂಡಿಪಲ್ಯ, ಮೆಂತ್ಯೆಸೊಪ್ಪು, ಹೀರೇಕಾಯಿ, ಸೌತೆ, ಹಸಿ ಉಳ್ಳಾಗಡ್ಡಿ. ಕಾಲು ಭಾಗಕ್ಕೆ ಮಡಿಕೆಕಾಳೋ ಹೆಸರುಕಾಳೋ ಹುರುಳಿಯೋ, ತಿನ್ನುವವರಿಗೆ ಮೊಟ್ಟೆ. ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನದ್ದು. ಪಲ್ಯ, ಕಾಳು ಮೊದಲು ತಿನ್ನಿ, ಅನ್ನ ಕೊನೆಗೆ. ಇದರಲ್ಲಿ ಪೇಟೆಯಿಂದ ತರುವಂಥದ್ದು ಒಂದಾದರೂ ಇದೆಯೇ? ಶುಗರ್ ಓಡಿಸುವ ಪುಡಿ, ಎಲೆ, ಕಷಾಯ ಅಂತ ಸಂತೆಯಲ್ಲಿ ಕೂಗುವವನಿಗೆ ಕೊಡುವ ಇನ್ನೂರು ರೂಪಾಯಿಗೆ ವಾರದ ಸೊಪ್ಪು ಬರುತ್ತದೆ.

ಈಗ ಮನೆಯವರ ವಿಷಯಕ್ಕೆ ಬರುತ್ತೇನೆ. ಚೀಟಿ ಇಟ್ಟುಕೊಂಡವರಿಗಿಂತ ನಿಮ್ಮ ಮೇಲೆ ನನಗೆ ಸಿಟ್ಟು ಹೆಚ್ಚು. "ಹಬ್ಬದಾಗ ಬ್ಯಾಡ ಅನ್ನಬಾರದ್ರಿ", "ಒಂದ್ ಹೋಳಿಗಿಗೆ ಏನಾಕೈತಿ?", "ನಮ್ಮನಿ ಚಾ ಕುಡಿಯಾಂಗಿಲ್ಲೇನು?" ಎನ್ನುತ್ತ ಕೈ ಹಿಡಿದು ಬಡಿಸುತ್ತೀರಿ. ಬೇಡ ಎಂದವರು ಸೊಕ್ಕಿನವರಾಗುತ್ತಾರೆ. ದಿನಕ್ಕೆ ಐದು ಮನೆಯ ಚಾ, ಕಪ್ಪಿಗೆ ಎರಡು ಚಮಚದಂತೆ ಹತ್ತು ಚಮಚ, ಹತ್ತಿರ ಹತ್ತಿರ 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರೀತಿಯ ಹೆಸರಲ್ಲಿ ನಾವು ಒಬ್ಬರಿಗೊಬ್ಬರು ಮಾಡುತ್ತಿರುವುದು ಇದು. ಸೊಸೆಗೆ ಬಾರ್ಡರ್ ಬಂದರಂತೂ ಕೇಳಲೇಬೇಡಿ. ಎಲ್ಲರೂ ಉಂಡ ಮೇಲೆ ಪಲ್ಯದ ಬೋಗುಣಿ ತಳ ಕಂಡಿರುತ್ತದೆ, ಉಳಿದಿರುವುದು ಅನ್ನ ಮಾತ್ರ. ಅವಳ ಪಥ್ಯ ಅವಳ ಕೈಯಲ್ಲಿದೆಯೇ, ನಿಮ್ಮ ಕೈಯಲ್ಲಿದೆಯೇ ಹೇಳಿ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ಹೆಣ್ಣುಮಗಳಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚು. ಹೆರಿಗೆಯಾದ ಮೇಲೆ ಅವಳನ್ನು ಮತ್ತೆ ಪರೀಕ್ಷೆಗೆ ಕರೆದೊಯ್ದ ಮನೆಗಳೆಷ್ಟು?

ನಡೆಯುವುದಕ್ಕೂ ಹೀಗೇ. ಒಬ್ಬಳೇ ಸಂಜೆ ಹೊರಟರೆ "ಮನಿ ಕೆಲಸ ಬಿಟ್ಟು ಎತ್ತಾಗ ಹೊಂಟ್ಲು?" ಎನ್ನುವ ಬಾಯಿಗಳಿವೆ. ಹತ್ತು ಜನ ಹೊರಟರೆ ಆ ಬಾಯಿಗೆ ಕೆಲಸವಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ಜನ ನಡೆದು ಬರುವುದನ್ನು ನೋಡಿದ್ದೀರಿ. ಬೊಬ್ಬೆ ಎದ್ದ ಕಾಲಲ್ಲಿ ಮುದುಕರೂ ಬರುತ್ತಾರೆ. ಒಬ್ಬರೇ ಹೊರಟಿದ್ದರೆ ಮೊದಲ ಊರಲ್ಲೇ ಬಸ್ಸು ಹತ್ತುತ್ತಿದ್ದರು. ಹಿಂದೆ ಮುಂದೆ ಜನ ಇದ್ದಾರೆ, ಅದಕ್ಕೇ ಕಾಲು ಎಳೆದುಕೊಂಡಾದರೂ ಬರುತ್ತಾರೆ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಈ ಗುಂಪಿನ ಬಲವನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. ಸಾವಿರಕ್ಕೂ ಹೆಚ್ಚು ಜನ. ಅವರಲ್ಲಿ ಅರ್ಧದಷ್ಟು ಜನರನ್ನು ಗುಂಪು ಮಾಡಿ, ಊರಿನವರಿಗೇ ತರಬೇತಿ ಕೊಟ್ಟು, ವರ್ಷದಲ್ಲಿ 15 ಸಲ ಸೇರಿಸಿದರು. 2018ರಲ್ಲಿ ಬಂದ ಫಲಿತಾಂಶವನ್ನು ಇದ್ದಂತೆ ಹೇಳುತ್ತೇನೆ: ಎರಡು ವರ್ಷದಲ್ಲಿ ಗುಂಪಿನವರಲ್ಲಿ ನೂರಕ್ಕೆ 14.9, ಗುಂಪಿಲ್ಲದವರಲ್ಲಿ 17.1 ಜನರಿಗೆ ಮಧುಮೇಹ ಬಂತು. ಈ ಅಂತರ ಖಚಿತ ಎನ್ನುವಷ್ಟು ದೊಡ್ಡದಲ್ಲ. ಆದರೆ ತರಕಾರಿ, ಹಣ್ಣು ತಿನ್ನುವುದು ಹೆಚ್ಚಿತು, ಕುಡಿತ ತಗ್ಗಿತು. ಗುಂಪು ಮಂತ್ರದಂಡವಲ್ಲ, ಒಪ್ಪಿದೆ. ಆದರೆ ಕವರಿನೊಳಗಿನ ಚೀಟಿ ಹದಿನಾಲ್ಕು ತಿಂಗಳಲ್ಲಿ ಏನು ಮಾಡಿತು?

ನಮಗೆ ಹೊಸ ಸಂಘ ಕಟ್ಟುವ ಕಷ್ಟವೂ ಇಲ್ಲ. ವಾರಕ್ಕೊಮ್ಮೆ ಕಂತು ಕಟ್ಟಲು ಸೇರುವ ಸ್ತ್ರೀಶಕ್ತಿ ಸಂಘಗಳಿವೆ, ಭಜನೆ ಮಂಡಳಿಗಳಿವೆ, ಹಡಗಲಿಯಲ್ಲಿ ಮಲ್ಲಿಗೆ ಬಿಡಿಸಲು ಬೆಳಕು ಹರಿಯುವ ಮೊದಲೇ ಎದ್ದು ಸೇರುವ ಕೈಗಳಿವೆ. ಉಳಿತಾಯದ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ, ತೂಕಕ್ಕೆ. ಕಂತು ತಪ್ಪಿದವಳನ್ನು ಮನೆಗೆ ಹೋಗಿ ಕೇಳುತ್ತೀರಲ್ಲ, ನಡಿಗೆ ತಪ್ಪಿದವಳನ್ನೂ ಹಾಗೆಯೇ ಕೇಳಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಪುಕ್ಕಟೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ "ನಮಗೇನಿಲ್ಲ" ಎಂದು ಸಾಗಹಾಕಬೇಡಿ. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದವರು, ದಾಟಿದವರು, ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಏನನ್ನೂ ಬಿಡಬೇಡಿ. ಪಂಚಾಯ್ತಿ ಸದಸ್ಯರೇ, ಹೆಣ್ಣುಮಕ್ಕಳು ನಡೆಯುವ ಒಂದು ರಸ್ತೆಗಾದರೂ ದೀಪ ಹಾಕಿಸಿ. ಹೈಮಾಸ್ಟ್ ಏನೂ ಬೇಡ, ಹಾವು ಚೇಳು ಕಾಣುವಷ್ಟು ಬೆಳಕು ಸಾಕು.

ಇವತ್ತು ರಾತ್ರಿ ಊಟಕ್ಕೆ ಕೂರುವ ಮೊದಲು ನಿಮ್ಮ ಮನೆಯ ಆ ಕವರು ತೆಗೆಯಿರಿ. ಚೀಟಿ ಸಿಕ್ಕಿದರೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋಗಿ, ಅವರಿಗೂ ಓದಿ ಹೇಳಿ. ಚಾ ಕೊಟ್ಟರೆ ಸಕ್ಕರೆ ಬೇಡವೆನ್ನಿ. ಕೂಡ್ಲಿಗಿಯ ಆ ಅಕ್ಕ ಹಾಗೆ ಓದಿ ಹೇಳಿದ ದಿನ ಪಕ್ಕದ ಮನೆಯ ದೊಡ್ಡಮ್ಮ ಸುಮ್ಮನೆ ಎದ್ದು ಒಳಗೆ ಹೋದರು. ದೇವರ ಪಟದ ಹಿಂದಿನಿಂದ ತಮ್ಮದೊಂದು ಚೀಟಿ ತಂದರು.